ಹದಿನೈದನೆಯ ಮೆಟ್ಟಿಲು

ಹೆಸರಿನ ಆಸೆ ಮನುಷ್ಯನನ್ನು ಯಾವ ವಯಸ್ಸಿಗೆ ಬಿಡುತ್ತದೋ ನನಗೆ ಗೊತ್ತಿಲ್ಲ. ಅರವತ್ತೆರಡಕ್ಕಂತೂ ನನ್ನನ್ನು ಬಿಟ್ಟಿರಲಿಲ್ಲ. ಪೀಣ್ಯದ ನನ್ನ ಆಫೀಸಿನ ಬಾಗಿಲಿಗೆ ‘ವಾಸ್ತುಶಿಲ್ಪಿ’ ಎಂಬ ಬೋರ್ಡಿದೆ. ಒಳಗೆ ಕೂತು ಮೂವತ್ತು ವರ್ಷ ಬರೆದದ್ದು ಹೆಚ್ಚಾಗಿ ಕಾರ್ಖಾನೆ ಶೆಡ್ಡುಗಳ ನಕ್ಷೆ. ನಾಲ್ಕು ಗೋಡೆ, ಒಂದು ಶಟರು. ಅದರಲ್ಲಿ ಶಿಲ್ಪವನ್ನು ಎಲ್ಲಿಂದ ತರಲಿ? ತಂದಿದ್ದ ಒಂದೆರಡು ಕಟ್ಟಡಗಳೂ ಮೆಟ್ರೋ ಕಂಬಗಳ ಪಾಲಾದವು. “ನೀವು ಕಟ್ಟಿಸಿದ್ದು ಒಂದಾದ್ರೂ ನಿಂತಿದೆಯೇನ್ರೀ?” ಎಂದು ನನ್ನ ಹೆಂಡತಿ ಆಗಾಗ ವಿಚಾರಿಸುತ್ತಾಳೆ.

ಹೀಗಿರುವಾಗ ಮೇಘನಾ ಎಂಬ ಕಾಲೇಜು ಹುಡುಗಿ ಬಂದು, “ಸಾರ್, ಲೋಕಲ್ ಆರ್ಕಿಟೆಕ್ಟ್‌ಗಳ ಹಳೇ ಕಟ್ಟಡಗಳ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದೀನಿ. ನಿಮ್ದೊಂದು ತೋರಿಸ್ತೀರಾ?” ಎಂದಳು. ಅದು ಪುಸ್ತಕವಾಗಿ ಕಾಲೇಜಿನ ಲೈಬ್ರರಿ ಸೇರುತ್ತದಂತೆ. ನಾನು ಉಬ್ಬಿಹೋದೆ. ಮರುದಿನವೇ ಇಸ್ತ್ರಿ ಶರ್ಟು ತೊಟ್ಟು, ಮಾಕಳಿಯಲ್ಲಿ ನಾನು ಕಟ್ಟಿಸಿದ ಮೊಟ್ಟಮೊದಲ ಮನೆಗೆ ಅವಳನ್ನು ಆಟೋದಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಅದರ ಜಗಲಿ, ಗವಾಕ್ಷಿಗಳನ್ನು ಬಣ್ಣಿಸಿದೆ.

ಹೋಗಿ ನೋಡಿದರೆ ಜಗಲಿ ಪ್ರಾವಿಷನ್ ಸ್ಟೋರ್ ಆಗಿತ್ತು. ಗವಾಕ್ಷಿಯ ಮೇಲೆ ನೀರಿನ ಟ್ಯಾಂಕು ಕೂತಿತ್ತು. ಹಿತ್ತಲ ತುಂಬ ಬಾಡಿಗೆ ಕೋಣೆಗಳು. ನನ್ನದೆಂದು ಉಳಿದಿದ್ದು ಹೊರಗಿನ ಮೆಟ್ಟಿಲುಗಳು ಮಾತ್ರ. ಅವುಗಳ ಕಥೆ ಹೇಳಲು ನಾಚಿಕೆಯಾಗುತ್ತದೆ. ನಾನು ನಕ್ಷೆಯಲ್ಲಿ ಬರೆದದ್ದು ಹದಿನಾರು. ಕಾಂಕ್ರೀಟು ಹಾಕುವ ದಿನ ಮನೆಯ ಯಜಮಾನರು ಎಣಿಸಿ, “ಬೆಸ ಇರ್ಬೇಕಲ್ವಾ ಸ್ವಾಮಿ?” ಎಂದರು. ನಾನು ಕೊನೆಯ ಎರಡನ್ನು ಸೇರಿಸಿ ಒಂದು ಮಾಡಿಸಿಬಿಟ್ಟೆ. ಲೆಕ್ಕ ಹದಿನೈದಾಯಿತು, ಹದಿನೈದನೆಯದು ಹೆಚ್ಚುಕಡಿಮೆ ಮೊಣಕಾಲೆತ್ತರವಾಯಿತು.

ನಾವು ಹತ್ತುತ್ತಿದ್ದಾಗ ಮೇಲಿನ ಕೋಣೆಯಲ್ಲಿದ್ದ ರಾಯಚೂರಿನ ಗಾರೆ ಕೆಲಸದವನು, “ಸಾವಕಾಶ ಬರ್ರೀ ಸರ, ಕಡೀ ಮೆಟ್ಟಲ ಭಾಳ ಎತ್ತರ ಐತಿ!” ಎಂದು ಕೂಗಿದ.

ಯಜಮಾನರ ಸೊಸೆ ಗಂಗಮ್ಮ ಅಂಗಡಿಯಿಂದ ಎದ್ದು ಬಂದರು. ಅವರಿಗೆ ನನ್ನ ಗುರುತು ಸಿಗಲಿಲ್ಲ; ಮನೆ ಕಟ್ಟಿಸುವಾಗ ನನಗೆ ತಲೆ ತುಂಬ ಕೂದಲಿತ್ತು. “ಇದ್ರಲ್ಲಿ ಬೀಳ್ದೇ ಇರೋರೇ ಇಲ್ಲ ಕಣವ್ವ. ಒಡೆದ್ರೆ ಅದ್ನಾರಾಯ್ತದೆ, ಮನೆಗೆ ಒಳ್ಳೇದಲ್ಲ ಅಂತ ಬುಟ್ಟಿವ್ನಿ. ಇದ್ನ ಮಾಡ್ದೋನ್ನ ಇಪ್ಪತ್ತೈದು ವರ್ಸದಿಂದ ಉಡುಕ್ತಾ ಇವ್ನಿ, ಸಿಕ್ತಾ ಇಲ್ಲ” ಎಂದರು. ಅವರ ಕೈಯಲ್ಲಿ ತೂಕದ ಕಲ್ಲಿತ್ತು.

“ಸಾರ್, ಇದೂ ನಿಮ್ದೇನಾ?” ಮೇಘನಾ ಪೆನ್ನು ತೆರೆದು ನನ್ನನ್ನು ಮೆಲ್ಲಗೆ ಕೇಳಿದಳು.

“ಮೆಟ್ಟಿಲು ನಂದಲ್ಲಮ್ಮ, ಯಾರೋ ಮೇಸ್ತ್ರಿದು” ಎಂದು ಅವಳಿಗಷ್ಟೇ ಕೇಳುವಂತೆ ಹೇಳಿದೆ.

ಪುಸ್ತಕ ಬಂತು. ಮನೆಯ ಬಗ್ಗೆ ‘ಗುರುತು ಸಿಗದಷ್ಟು ಬದಲಾಗಿದೆ’ ಎಂಬ ಒಂದೇ ಸಾಲು. ಮೆಟ್ಟಿಲಿಗೆ ಎರಡು ಪುಟ, ಜೊತೆಗೆ ದೊಡ್ಡ ಫೋಟೋ: ‘ಜನರ ನಂಬಿಕೆಗೆ ಕಟ್ಟಡವನ್ನೇ ಬಗ್ಗಿಸಿದ ಅನಾಮಧೇಯ ಮೇಸ್ತ್ರಿಯ ಅಪೂರ್ವ ಪ್ರತಿಭೆ.’ ಹೊಟ್ಟೆ ಉರಿಯಿತು. ನನ್ನ ಹೆಸರನ್ನು ಹುಡುಕುತ್ತ ಕೊನೆಯ ಪುಟಕ್ಕೆ ಬಂದೆ. ಇತ್ತು. ಕೃತಜ್ಞತೆಗಳಲ್ಲಿ, ಆಟೋ ಚಾಲಕನ ಹೆಸರಿನ ಕೆಳಗೆ: ‘ದಾರಿ ತೋರಿಸಿದವರು’.