ಕೆಂಪಿ ತಿಂದ ಬೆಟ್ಟ

ಸಾಸಲು ಹೋಬಳಿ ಹುಣಸೆಕುಂಟೆಹಳ್ಳಿಯ ಸರ್ವೆ ನಂಬರ್ ನಲವತ್ತೇಳರಲ್ಲಿ ಹತ್ತೊಂಬತ್ತು ಅಡಿ ಎತ್ತರದ ಒಂದು ಬೆಟ್ಟವಿದೆ. ಇದು ಬ್ರಿಟಿಷರ ಕಾಲದಿಂದಲೂ ದಾಖಲೆಯಲ್ಲಿರುವ ಸಂಗತಿ. ಅದೇ ಜಾಗದಲ್ಲಿ ಗಂಗಲಕ್ಷ್ಮಮ್ಮನವರ ಒಂದೂಕಾಲು ಎಕರೆ ಹೊಲವಿದ್ದು, ಒಂದು ಗೋಲಿ ಇಟ್ಟರೆ ಉರುಳದಷ್ಟು ಸಮತಟ್ಟಾಗಿದೆ. ಇದು ಬರೀ ಕಣ್ಣಿಗೆ ಕಾಣುವ ಸಂಗತಿ.

ನಾನು ಜಿಲ್ಲೆಯ ಚರಿತ್ರೆ ಮತ್ತು ಭೂಗೋಳ ಪರಿಷ್ಕರಣಾ ಸಮಿತಿಯ ಕಾರ್ಯದರ್ಶಿ. ದೊರೆಗಳು ಬರೆಸಿದ ಹಳೆಯ ಪುಸ್ತಕವನ್ನು ಈ ಕಾಲಕ್ಕೆ ತಕ್ಕಂತೆ ತಿದ್ದುವುದು ಸಮಿತಿಯ ಕೆಲಸ. ಹನ್ನೊಂದು ವರ್ಷಗಳಲ್ಲಿ ಮುನ್ನುಡಿ ಮುಗಿದಿದೆ. ಈ ಬೆಟ್ಟದ ಬಗ್ಗೆ ನಾನೇ ಎರಡೂವರೆ ಪುಟ ಬರೆದಿದ್ದೆ. ಅದರ ತಂಗಾಳಿ, ನೆತ್ತಿಯಿಂದ ಕಾಣುವ ಸೂರ್ಯಾಸ್ತ, ಎಲ್ಲವೂ ಅದರಲ್ಲಿತ್ತು. ಹಾಗಾಗಿ ಜನವರಿಯಲ್ಲಿ ಗಂಗಲಕ್ಷ್ಮಮ್ಮ ಕಚೇರಿಗೆ ಬಂದು ಬೆಟ್ಟವೇ ಇಲ್ಲ ಎಂದಾಗ ನನಗೆ ಸಿಟ್ಟು ಬಂತು.

"ಬೋರ್‌ನಲ್ಲಿ ನೀರು ಬಂದೈತೆ ಸ್ವಾಮಿ. ಹಿಪ್ಪುನೇರಳೆ ಕಡ್ಡಿ ನೆಟ್ಟಿದ್ದೀನಿ. ಮೋಟ್ರಿಗೆ ಕರೆಂಟ್ ಕೇಳಿದ್ರೆ, ನಿಮ್ದು ಬೆಟ್ಟ, ಬೆಟ್ಟಕ್ಕೆ ಕರೆಂಟ್ ಕೊಡಾಕಾಗಲ್ಲ, ಪುಸ್ತಕ ತಿದ್ದೋರನ್ನ ಕೇಳು ಅಂತಾರೆ. ಪಕ್ಕದ ತೋಟದಿಂದ ಬಿಂದಿಗೇಲಿ ಹೊತ್ತೂ ಹೊತ್ತೂ ಸೊಂಟ ಬಿದ್ದೋಯ್ತು. ಯುಗಾದಿ ದಾಟಿದ್ರೆ ಒಂದು ಕಡ್ಡೀನೂ ಉಳಿಯಲ್ಲ."

"ಬೆಟ್ಟ ಇಲ್ಲ ಅನ್ನೋಕೆ ಏನಮ್ಮ ಆಧಾರ?"

"ಹೊಲ ಐತಲ್ಲ."

"ಹೊಲ ಆಧಾರ ಆಗಲ್ಲ. ಕಾಗದ ಬೇಕು."

ಆಕೆ ಎದ್ದು ಹೋಗಲಿಲ್ಲ. ಸಂಜೆಯವರೆಗೂ ಬೆಂಚಿನ ಮೇಲೆ ಕೂತೇ ಇದ್ದರು. ಕೊನೆಗೆ ನಮ್ಮ ಸರ್ವೇಯರ್ ಬೈರೇಶನನ್ನು ಸ್ಥಳ ತನಿಖೆಗೆ ಕಳಿಸಿದೆ. ಅವನ ವರದಿ ಚೊಕ್ಕವಾಗಿತ್ತು: "ಸದರಿ ಬೆಟ್ಟವು ತನಿಖೆಯ ವೇಳೆ ಸ್ಥಳದಲ್ಲಿ ಹಾಜರಿರಲಿಲ್ಲ. ಹದಿನೈದು ದಿನಗಳೊಳಗೆ ಹಾಜರಾಗುವಂತೆ ನೋಟಿಸನ್ನು ಪಕ್ಕದ ಬೇವಿನ ಮರಕ್ಕೆ ಅಂಟಿಸಿ ಬರಲಾಗಿದೆ."

ಬೆಟ್ಟ ಹಾಜರಾಗಲಿಲ್ಲ.

ಆಗ ನಾನೇ ದಾಖಲೆ ಕೋಣೆಯಲ್ಲಿ ಮೂರು ದಿನ ಧೂಳು ಕುಡಿದು, ಆ ಕಾಲದ ಮೋಜಣಿ ದೊರೆಯ ದಿನಚರಿಯನ್ನು ಹುಡುಕಿ ತೆಗೆದೆ. ಸಾವಿರದ ಎಂಟುನೂರ ಎಪ್ಪತ್ತೊಂದರ ಫೆಬ್ರವರಿಯಲ್ಲಿ ದೊರೆ ಬರೆದಿದ್ದ: "ಎಲ್ಲ ಕಡೆ ಬಯಲು. ಅಳತೆಯ ಬಾವುಟ ನೆಡಲು ಎತ್ತರದ ಜಾಗ ಸಿಗದೆ ಊರಿನ ರಾಗಿ ಹುಲ್ಲಿನ ಬಣವೆ ಹತ್ತಿದೆ. ಎತ್ತರ ಹತ್ತೊಂಬತ್ತು ಅಡಿ. ನಮೂನೆಯಲ್ಲಿ 'ಯಾವ ಬೆಟ್ಟ' ಎಂಬ ಅಂಕಣವನ್ನು ಖಾಲಿ ಬಿಡುವಂತಿಲ್ಲವಾದ್ದರಿಂದ ಬೆಟ್ಟ ಎಂದು ಬರೆದೆ." ಮೇ ತಿಂಗಳಲ್ಲಿ ಇನ್ನೊಂದು ಸಾಲು: "ಮರಳಿ ಬಂದೆ. ಬೆಟ್ಟವಿಲ್ಲ. ದನಗಳು ಚೆನ್ನಾಗಿ ಮೈದುಂಬಿಕೊಂಡಿವೆ."

ನನಗೆ ಸಮಾಧಾನವಾಯಿತು. ಬೆಟ್ಟವಿತ್ತು, ಈಗ ಅದನ್ನು ತಿಂದಿದ್ದಾರೆ, ಅಷ್ಟೇ. ಕಡತವನ್ನು ಬೆಟ್ಟಗುಡ್ಡ ಸಂರಕ್ಷಣಾ ಕೋಶದ ಅಧಿಕಾರಿ ಅಂಜನ್ ಅವರ ಮುಂದಿಟ್ಟೆ. ಗಂಗಲಕ್ಷ್ಮಮ್ಮನೂ ಜೊತೆಗಿದ್ದರು.

"ಅನುಮತಿ ಇಲ್ದೆ ಬೆಟ್ಟ ತೆಗೆದಿದ್ದಾರೆ. ಇದು ಅಕ್ರಮ," ಎಂದರು ಅಂಜನ್. "ತಿಂದವರು ಈಗೆಲ್ಲಿದ್ದಾರೆ?"

"ತೀರಿಕೊಂಡು ನೂರೈವತ್ತು ವರ್ಷ ಆಯ್ತು ಸಾರ್," ಎಂದೆ.

"ವಾರಸುದಾರರು?"

ಗಂಗಲಕ್ಷ್ಮಮ್ಮ ಮುಗ್ಧವಾಗಿ ಬಾಯಿಬಿಟ್ಟರು. "ನಮ್ಮನೇಲಿ ಹಿಂದಿನಿಂದ್ಲೂ ಒಂದೇ ತಳಿ ಹಸು ಸ್ವಾಮಿ. ಈಗ ಕೆಂಪಿ ಅವಳೆ."

ಹೀಗೆ ಕೆಂಪಿಯ ಹೆಸರಿಗೆ ನೋಟಿಸ್ ಜಾರಿಯಾಯಿತು. ವಂಶವೃಕ್ಷ ಕೇಳಲಾಯಿತು. ಗಂಗಲಕ್ಷ್ಮಮ್ಮನ ಅತ್ತೆ ಅಶ್ವತ್ಥಮ್ಮ ತಮ್ಮ ನೆನಪಿನಿಂದ ಏಳು ತಲೆ ಹೇಳಿದರು, ಉಳಿದದ್ದನ್ನು ಬೈರೇಶ ಅಂದಾಜಿನಲ್ಲಿ ಬರೆದ. ಪಂಚರ ಸಹಿಯಾಗಿ ವಂಶವೃಕ್ಷ ದೃಢೀಕೃತವಾಯಿತು. ನಮ್ಮ ಸಮಿತಿಯ ಅಧ್ಯಕ್ಷರಿಗೇ ಅಷ್ಟು ಉದ್ದದ ವಂಶವೃಕ್ಷವಿಲ್ಲ.

ಅಂಜನ್ ಅವರು ಕಲ್ಲುಮನಸ್ಸಿನವರಲ್ಲ. ಅವರೇ ದಾರಿ ತೋರಿಸಿದರು. "ನೋಡಮ್ಮ, ಹಿಂದೆ ಇದ್ದ ಹಾಗೆ ಬೆಟ್ಟ ಮತ್ತೆ ನಿಲ್ಲಿಸಿ. ನಾವು ಅಳೀತೀವಿ. ಆಮೇಲೆ ತೆಗೆಯೋಕೆ ಅನುಮತಿ ಕೊಡ್ತೀವಿ. ಕ್ರಮಬದ್ಧವಾಗಿ ತಿಂದು ಮುಗಿಸಿ. ಬೆಟ್ಟ ಇಲ್ಲ ಅನ್ನೋ ಕಾಗದ ತಾನಾಗೇ ಬರುತ್ತೆ."

"ಇಲ್ದೇ ಇರೋದನ್ನ ಇಲ್ಲ ಅನ್ನಿಸೋಕೆ ಮೊದ್ಲು ಇರಂಗೆ ಮಾಡ್ಬೇಕಾ?"

"ಅದೇ ನಿಯಮ."

ಆಕೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಆಯ್ತು, ಒಕ್ಕಣೆ ಹೆಂಗೂ ಮುಗೀತು," ಎಂದರು.

ಊರಿನವರೆಲ್ಲ ತಮ್ಮ ತಮ್ಮ ಹುಲ್ಲು ತಂದು ಸರ್ವೆ ನಂಬರ್ ನಲವತ್ತೇಳರಲ್ಲಿ, ಕಡ್ಡಿ ನೆಡದ ಒಂದು ಮೂಲೆಯಲ್ಲಿ ಒಟ್ಟಿದರು. ಬೈರೇಶ ಟೇಪು ಹಿಡಿದು ನಿಂತಿದ್ದ. ಮೊದಲ ಅಳತೆಗೆ ನಾಲ್ಕು ಅಂಗುಲ ಕಡಿಮೆ ಬಂತು, ಇನ್ನೂ ಎರಡು ಹೊರೆ ಹಾಕಿಸಿದ. ಪರಿಶೀಲನೆಯ ದಿನ ನಾನು ಏಣಿ ಹಾಕಿ ನೆತ್ತಿ ಹತ್ತಿದೆ. ತಂಗಾಳಿ ಇತ್ತು. ಸೂರ್ಯಾಸ್ತವೂ ಕಂಡಿತು. ನನ್ನ ಎರಡೂವರೆ ಪುಟದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮೂರನೇ ದಿನ ರಸ್ತೆಯಾಚೆ 'ಹಿಲ್ ವ್ಯೂ ಲೇಔಟ್' ಎಂಬ ಬೋರ್ಡು ಎದ್ದಿತು.

ಅನುಮತಿ ಪತ್ರ ಹೀಗಿತ್ತು:

"ಕೆಂಪಿ, ಬಣ್ಣ ಕೆಂದು, ವಾಸ ಹುಣಸೆಕುಂಟೆಹಳ್ಳಿ, ಇವರಿಗೆ ಸದರಿ ಬೆಟ್ಟವನ್ನು ತೆರವುಗೊಳಿಸಲು ಷರತ್ತಿಗೊಳಪಟ್ಟು ಅನುಮತಿಸಿದೆ. ಸ್ಫೋಟಕಗಳನ್ನು ಬಳಸತಕ್ಕದ್ದಲ್ಲ. ಸೂರ್ಯಾಸ್ತದ ನಂತರ ಮೆಲುಕು ಹಾಕಬಹುದು, ಹೊಸದಾಗಿ ಬಾಯಿ ಹಾಕತಕ್ಕದ್ದಲ್ಲ. ಸಹಾಯಕ್ಕೆ ನಲವತ್ತು ಮೀರದಂತೆ ಇತರೆ ದನಗಳನ್ನು ನೇಮಿಸಿಕೊಳ್ಳಬಹುದು."

ನಲವತ್ತೂ ನೇಮಕವಾದವು. ದಿನಾ ಸಂಜೆ ಬೈರೇಶ ಬೆಟ್ಟ ಅಳೆದು ವರದಿ ಕಳಿಸುತ್ತಿದ್ದ. ಹದಿನಾಲ್ಕು ಅಡಿ. ಒಂಬತ್ತು. ಮೂರು. ಗಂಗಲಕ್ಷ್ಮಮ್ಮ ಒಂದು ಕಡೆ ಬಿಂದಿಗೆ ಹೊರುತ್ತಾ, ಇನ್ನೊಂದು ಕಡೆ "ತಿನ್ನೇ ನಮ್ಮವ್ವ, ಬೇಗ ತಿನ್ನು," ಎಂದು ಕೆಂಪಿಯ ಬೆನ್ನು ಸವರುತ್ತಿದ್ದರಂತೆ. ಯುಗಾದಿಗೆ ಐದು ದಿನ ಇರುವಾಗ ಬೆಟ್ಟ ಮುಗಿಯಿತು. ಮಾರನೇ ದಿನ ಬೆಟ್ಟವಿಲ್ಲ ಎಂಬ ಕಾಗದ ಬಂತು, ಕಂಬ ಬಂತು, ತಂತಿ ಬಂತು, ಮೋಟಾರು ಓಡಿತು. ಕಡ್ಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದುಕೊಂಡು ಈಗ ಸೊಂಟದೆತ್ತರ ಸೊಪ್ಪಾಗಿವೆ. ಲೇಔಟಿನ ಬೋರ್ಡೂ ಹಾಗೇ ಇದೆ. ಸೈಟುಗಳೆಲ್ಲ ಮಾರಾಟವಾಗಿವೆ, ಬೆಟ್ಟ ಎಲ್ಲಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ಪುಸ್ತಕದ ಮೊದಲ ಅಧ್ಯಾಯ ಮೊನ್ನೆ ಅಚ್ಚಾಗಿ ಬಂತು. 'ಜಿಲ್ಲೆಯಲ್ಲಿ ಬೆಟ್ಟಗಳ ಸವೆತಕ್ಕೆ ಕಾರಣಗಳು' ಎಂಬ ತಲೆಬರಹದ ಕೆಳಗೆ ಗಾಳಿ, ಮಳೆ ಮತ್ತು ಕೆಂಪಿ ಎಂದಿದೆ. ಗಂಗಲಕ್ಷ್ಮಮ್ಮನನ್ನು ಕರೆಸಿ ಓದಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು.

"ಎಲ್ಲಾ ಸರಿಯಾಗೈತೆ ಸ್ವಾಮಿ. ಅವಳ ಕರೂನೂ ಸೇರಿಸ್ಬಿಡಿ. ಅದೂ ಒಂದಷ್ಟು ತಿಂದೈತೆ."

"ಅದಕ್ಕೆ ವಂಶವೃಕ್ಷ ಬೇಕಾಗುತ್ತಮ್ಮ," ಎಂದೆ.

ಅವರು ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಮೂರು ಪ್ರತಿ, ದೃಢೀಕರಿಸಿದ್ದು.