ಕೆಲಸ ಆತು, ಫಲ ಏನಾತ್ರಿ?

ಸರಕಾರದ ನಾಲ್ಕಾರು ಇಲಾಖೆಗಳನ್ನೂ ನಮ್ಮಂಥ ಸಂಸ್ಥೆಯನ್ನೂ ಒಂದೇ ಟೇಬಲ್ಲಿಗೆ ಕೂಡಿಸುವುದು, ಕೂಡಿದ ಮೇಲೆ "ಜನರಿಗೆ ಏನು ಫಲ ಸಿಕ್ಕಿತು? ಸಿಗದಿದ್ದರೆ ಹೊಣೆ ಯಾರು?" ಎಂದು ಕೇಳುವುದು. ಇದೇ ನನ್ನ ನೌಕರಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ನನ್ನ ಪಾಲಿಗಿವೆ. ನಗು ಬರುವ ಪ್ರಸಂಗಗಳನ್ನು ನಾನಾಗಿ ಹುಡುಕಿಕೊಂಡು ಹೋದವಳಲ್ಲ. ನಾನು ಬಸ್ಸು ಹತ್ತುವುದರೊಳಗೆ ಅವೇ ಹತ್ತಿ ಸೀಟು ಹಿಡಿದು ಕೂತಿರುತ್ತವೆ.

೧. ಮೈ ಕೈ ತುಂಬಿಕೊಂಡವರು

"ಶೌಚಾಲಯ ಕಟ್ಟಿಸಿದೆವು" ಎಂದು ಬರೆದರೆ ನಮ್ಮಲ್ಲಿ ಸಾಲದು. ಅದರಿಂದ ಆ ಮನೆಯವರ ಬದುಕಿನಲ್ಲಿ ಏನು ಬದಲಾಯಿತು ಎಂದು ಅವರ ಬಾಯಿಂದಲೇ ಕೇಳಿ ಬರೆಯಬೇಕು. ಹೀಗೆ ಕೇಳಲೆಂದು ಕೌಜಲಗಿ ಕಡೆಯ ಒಂದು ಕುರಿಗಾರರ ಮನೆಗೆ ಪಂಚಾಯ್ತಿ ಕಾರ್ಯದರ್ಶಿಯವರ ಜೊತೆ ಹೋದೆ. ಯಜಮಾನ ಕಂಬಳಿ ಹಾಸಿ ಕೂಡ್ರಿಸಿದ.

"ಕಾಕಾ, ಶೌಚಾಲಯ ಆದಮ್ಯಾಲೆ ಏನರ ಫರಕ್ ಆಗೈತೇನ್ರಿ?"

"ಭಾಳ ಫರಕ್ ಆಗೈತ್ರಿ ಅಕ್ಕಾರ. ಈ ಮಳಿಗಾಲದಾಗ ಯಾರಿಗೂ ನೆಗಡಿ ಇಲ್ಲ, ಜ್ವರ ಇಲ್ಲ. ಎಲ್ಲಾ ಮೈ ಕೈ ತುಂಬ್ಕೊಂಡಾವ."

ಕಾರ್ಯದರ್ಶಿ ಹಿಗ್ಗಿಹೋದರು. "ಬರಕೋರಿ ಅಕ್ಕಾರ, ಬರಕೋರಿ!" ನಾನೂ ಬರೆದುಕೊಂಡೆ. ಒಂದು ಫೋಟೋ ಇರಲಿ ಎಂದು ಎದ್ದು ಹೋಗಿ ಶೌಚಾಲಯದ ಬಾಗಿಲು ತೆಗೆದೆ. ಒಳಗಿದ್ದ ಕುರಿಮರಿಗಳು ಒಂದರ ಹಿಂದೊಂದು ನನ್ನ ಸೀರೆ ನಿರಿಗೆಗೆ ಮೈ ಉಜ್ಜಿಕೊಂಡು ಹೊರಗೆ ಜಿಗಿದವು.

"ನೋಡ್ರಿ, ನಾ ಏನರ ಸುಳ್ಳ ಹೇಳೀನೇನು?" ಎಂದ ಯಜಮಾನ.

ಕಾರ್ಯದರ್ಶಿ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬರದದ್ದು ಅಳಿಸಬ್ಯಾಡ್ರಿ. ಪಶು ಇಲಾಖೆ ಸಾಧನೆ ಅಂತ ಹಾಕ್ರಿ."

೨. ದೂರು ಪೆಟ್ಟಿಗೆ

ಹುಕ್ಕೇರಿ ತಾಲೂಕಿನ ಒಂದು ಪಂಚಾಯ್ತಿಯಲ್ಲಿ (ಹೆಸರು ಬೇಡ) ಹೊಣೆಗಾರಿಕೆ ಬೆಳೆಯಲಿ ಎಂದು ದೂರು ಪೆಟ್ಟಿಗೆ ತೂಗುಹಾಕಿಸಿದ್ದೆವು. ಕೆಲ ತಿಂಗಳ ಮೇಲೆ ಸಭೆಗೆ ಹೋದಾಗ ಅಧ್ಯಕ್ಷರು ಮೀಸೆ ತಿರುವಿದರು.

"ನಮ್ಮೂರಾಗ ತಕರಾರ ಅನ್ನೂದ ಇಲ್ರಿ. ಪೆಟ್ಟಿಗಿ ಹಾಕಿದಾಗಿಂದ ಒಂದರ ಬಂದಿದ್ರ ಕೇಳ್ರಿ."

"ತೆಗದು ನೋಡಿದ್ರೇನ್ರಿ?"

"ತೆಗ್ಯಾಕ ಕೀಲಿ ನಿಮ್ಮ ಕಡೆ ಐತಲ್ರಿ?"

ನಾವು ಅವರ ಬಳಿ ಇದೆ ಅಂದುಕೊಂಡಿದ್ದೆವು. ಕೊನೆಗೆ ಸಿಪಾಯಿ ಕಲ್ಲು ತಂದು ಬೀಗ ಒಡೆದ. ಒಳಗೆ ಒಂದೇ ಒಂದು ಚೀಟಿ: "ಈ ಪೆಟ್ಟಿಗಿ ಯಾರೂ ತೆಗಿಯಂಗಿಲ್ಲ. ಕ್ರಮ ತಗೋರಿ."

ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿದರು, ಒಡೆದ ಬೀಗ ನೋಡಿದರು, ಸಮಾಧಾನದಿಂದ ಕುರ್ಚಿಗೆ ಒರಗಿದರು. "ಓದೂಕಿಂತ ಮೊದಲ ಕ್ರಮ ಆಗಿಹೋತು. ಇಷ್ಟ ಜಲ್ದಿ ಯಾವ ಪಂಚಾಯ್ತ್ಯಾಗ ಆಗತೈತಿ ಹೇಳ್ರಿ?"

೩. ಎಮ್ಮೆ ನಿಂತ ಜಾಗ

ಮೂಡಲಗಿ ಕಡೆ ಒಂದು ಊರಿನ ದೊಡ್ಡ ಓಣಿಯಲ್ಲಿ ನೀರಿನ ಪೈಪಿಗಾಗಿ ತಗ್ಗು ತೋಡಿದ್ದರು. ಪೈಪು ಒಳಗೆ ಹೋಯಿತು, ತಗ್ಗು ಹಾಗೇ ಉಳಿಯಿತು. ಎಲ್ಲರನ್ನೂ ಕರೆದು ಸಭೆ ಮಾಡಿದೆ. ನೀರಿನವರು "ತೋಡೂದಷ್ಟ ನಮ್ದು" ಎಂದರು. ರಸ್ತೆಯವರು "ನಮ್ದು ರಸ್ತಾ, ತಗ್ಗಲ್ಲ" ಎಂದರು. ಪಂಚಾಯ್ತಿಯವರು "ಊರು ನಮ್ದು, ತಗ್ಗು ನಿಮ್ದು" ಎಂದು ಕೈ ಮುಗಿದರು. ಚಹಾ ಕುಡಿದು ಎಲ್ಲರೂ ಎದ್ದರು.

ಅದೇ ವಾರ ಒಬ್ಬ ರೈತನ ಎಮ್ಮೆ ತಗ್ಗಿಗೆ ಬಿತ್ತು. ಓಣಿಯವರೆಲ್ಲ ಹಗ್ಗ ಹಾಕಿ ಎಳೆದು ಹೇಗೋ ಮೇಲೆ ತಂದರು. ರೈತ ಮೂರೂ ಇಲಾಖೆಗಳಿಗೆ ಬಾಯಿಗೆ ಬಂದಂತೆ ಬೈಯುತ್ತ, ತನ್ನ ಟ್ರ್ಯಾಕ್ಟರಿನಲ್ಲಿ ಗರಸು ಮಣ್ಣು ತಂದು ತಗ್ಗು ಮುಚ್ಚಿದ.

ಮುಂದಿನ ಸಭೆಗೆ ಮೇಲಿನ ಸಾಹೇಬರೇ ಬಂದಿದ್ದರು. ಹೊಣೆಯ ಮಾತು ನಾನು ಎತ್ತುವ ಮೊದಲೇ ಮೂರೂ ಇಲಾಖೆಯವರು "ನಮ್ಮ ಕಡೆಯಿಂದ ತಗ್ಗು ಮುಚ್ಚಲಾಗಿದೆ" ಎಂದು ಒಂದೊಂದು ಫೋಟೋ ಮುಂದಿಟ್ಟರು. ಒಂದು ಎಡದಿಂದ ತೆಗೆದದ್ದು, ಒಂದು ಬಲದಿಂದ, ಒಂದು ಎದುರಿನಿಂದ. ಮೂರರಲ್ಲೂ ಮುಚ್ಚಿದ ತಗ್ಗಿನ ಮೇಲೆ ನಿಂತದ್ದು ಅದೇ ಎಮ್ಮೆ.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಮೂರೂ ಮಂದಿ ಮಣ್ಣು ಹಾಕಿದ್ರ ಅಲ್ಲೊಂದು ಗುಡ್ಡ ಎದ್ದಿರಬೇಕಲ್ರಿ. ಈ ಎಮ್ಮಿ ಅದನ್ನ ಹೆಂಗ ಹತ್ತಿತು?"

೪. ಕೇಳಾಕ ಬರಾವ್ರು

ಇದು ಗೋಕಾಕ ಕಡೆಯ ಒಂದು ಹಳ್ಳಿಯದು. ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ. ಅವಳ ಅಂಗಳದಲ್ಲಿ ಹೊಸ ನಳ ನಿಂತಿತ್ತು, ನೀರು ಮಾತ್ರ ಅಲ್ಲಿಯವರೆಗೆ ಏರುತ್ತಿರಲಿಲ್ಲ. ನೀರು ಬಂತೋ ಇಲ್ಲವೋ ಎಂದು ಮನೆಗೇ ಹೋಗಿ ಕೇಳಬೇಕೆಂದು ನಾವೆಲ್ಲ ಸೇರಿ ನಿಯಮ ಮಾಡಿದ್ದೆವು. ಆ ನಿಯಮವನ್ನು ಎಲ್ಲರೂ ತಪ್ಪದೆ ಪಾಲಿಸುತ್ತಿದ್ದರು. ನೀರಿನವರು ಹೋದರು, ಪಂಚಾಯ್ತಿಯವರು ಹೋದರು, ಆರೋಗ್ಯದವರು ಹೋದರು, ನಾನೂ ಹೋದೆ.

ಒಂದು ದಿನ ಬೆಳಗಾವಿಯಿಂದ ಪರಿಶೀಲನೆಗೆ ಬಂದ ಸಾಹೇಬರ ಜೊತೆ ನಾವೆಲ್ಲ ಅವಳ ಮನೆಗೆ ಹೋದೆವು. ಅಜ್ಜಿ ಎಲ್ಲರಿಗೂ ಚಹಾ ಕೊಟ್ಟಳು. ಸಾಹೇಬರು ಗೌರವದಿಂದ ಕೇಳಿದರು: "ಅಜ್ಜಿ, ಯೋಜನೆ ಬಂದಮ್ಯಾಲೆ ನಿಮಗೇನು ಬದಲಾವಣೆ ಆಗೈತ್ರಿ?"

"ಆಗೈತಪ್ಪಾ. ಮೊದಲ ನೀರೂ ಬರತಿದ್ದಿಲ್ಲ, ಮಂದೀನೂ ಬರತಿದ್ದಿಲ್ಲ. ಈಗ ಮಂದಿ ಬರಾಕತ್ತಾರ."

"ಮತ್ತ ನೀರು?"

"ನೀರ ಬಂತೇನು ಅಂತ ಕೇಳಾಕ ಬರತಾರಲ್ಲ, ಅವರಿಗೆ ಚಾ ಮಾಡಾಕ ನಾ ಬಾವಿಗೆ ಹೋಗಿ ನೀರ ಹೊತ್ಕೊಂಡ ಬರತೇನಿ. ಮೊಣಕಾಲ ಸೋತಾವ. ಇನ್ಮ್ಯಾಲೆ ಕೇಳಾಕ ಬರಾವ್ರು ಬರೂಮುಂದ ಒಂದೊಂದು ಕೊಡ ನೀರ ತರಾಕ ಹೇಳಪ್ಪಾ. ನಳಾ ಬ್ಯಾಡೇ ಬ್ಯಾಡ."

ಸಾಹೇಬರು ಕೈಯಲ್ಲಿದ್ದ ಕಪ್ಪಿನೊಳಗೆ ನೋಡಿದರು. ನಾವೆಲ್ಲರೂ ನಮ್ಮ ನಮ್ಮ ಕಪ್ಪು ನೋಡಿಕೊಂಡೆವು. ಸಾಹೇಬರು ಜೀಪು ಹತ್ತುವಾಗ ಒಂದೇ ಮಾತು ಹೇಳಿದರು: "ನಳದಾಗ ನೀರು ಬರೂತನಕ ಈ ಮನಿಗೆ ಯಾರ ಬಂದ್ರೂ ಕೊಡ ಹೊತ್ತ ಬರ್ರಿ."

ಕೊಡ ಹೊರುವುದಕ್ಕಿಂತ ನಳ ಸರಿಮಾಡುವುದು ಹಗುರ ಅನ್ನಿಸಿತೋ ಏನೋ, ಕೆಲವೇ ದಿನಗಳಲ್ಲಿ ನೀರಿನವರು ವಾಲ್ವು ಬದಲಾಯಿಸಿ ನೀರು ಬಿಟ್ಟರು.

ಸುದ್ದಿ ಕೇಳಿ ನಾನು ಖುಷಿಯಿಂದ ಓಡಿದೆ. ಅಜ್ಜಿ ನಳದ ಕೆಳಗೆ ಕೊಡ ಇಟ್ಟು, ತುಂಬುವುದನ್ನೇ ನೋಡುತ್ತ ನಿಂತಿದ್ದಳು. ನಾನು ಅಂಗಳಕ್ಕೆ ಕಾಲಿಡುವುದರೊಳಗೆ ಕೈ ಅಡ್ಡ ಹಿಡಿದಳು.

"ನೀರ ಬಂತು ತಂಗಿ. ಇನ್ನರ ನೀವು ಬರೂದು ಬಂದ್ ಮಾಡ್ರಿ."