ಬಾಳೆ ಮೀನಿನ ಹೊಟ್ಟೆಯೊಳಗೆ

ನೀರು ಅಲ್ಲಾಡದೆ ನಿಂತಿದ್ದರೆ ಒಳಗಿರುವವರೆಲ್ಲ ಸುಖವಾಗಿದ್ದಾರೆ ಎಂದು ನಂಬುವ ಜಾತಿಯ ಮನುಷ್ಯ ನಾನು. ಚಾಮರಾಜನಗರದ ನಮ್ಮ ಆಫೀಸಿನಲ್ಲೂ ಹಾಗೆಯೇ, ಯಾರೂ ಕೂಗಾಡದಿದ್ದರೆ ಎಲ್ಲರೂ ಸ್ನೇಹಿತರೆಂದುಕೊಂಡು ಟಿಫನ್ ಡಬ್ಬಿ ಬಿಚ್ಚುತ್ತೇನೆ. ಈ ನಂಬಿಕೆಗೆ ಕೊಡಲಿಪೆಟ್ಟು ಬಿದ್ದದ್ದು ಹರದನಹಳ್ಳಿಯ ನಮ್ಮ ಜಮೀನಿನ ಕೃಷಿಹೊಂಡದಲ್ಲಿ.

ಗುಂಡ್ಲುಪೇಟೆಯ ನನ್ನ ಮಾವನವರು ಹರ್ನಿಯಾ ಆಪರೇಷನ್ನನ್ನು "ಈರುಳ್ಳಿ ಕಿತ್ತ ಮ್ಯಾಲೆ ನೋಡನ" ಎಂದು ಮುಂದಕ್ಕೆ ಹಾಕುತ್ತಲೇ ಇದ್ದರು. ಗಾಯ ಮಾಯುವುದಕ್ಕೆ ಕೊರವ ಮೀನಿನ ಸಾರೇ ಆಗಬೇಕೆಂಬುದು ನನ್ನ ಹೆಂಡತಿ ಮಂಜುಳಾಳ ಹಟ. ಅಪ್ಪನಿಗಾಗಿ ಈಗಿನಿಂದಲೇ ಬೆಳೆಸೋಣ ಎಂದು ಅವಳು ಕೊರವನ ಮರಿಗಳನ್ನು ತರಿಸಿ ಹೊಂಡಕ್ಕೆ ಬಿಡಿಸಿದಳು. ಅವುಗಳ ಊಟಕ್ಕೆ ಯೋಚನೆಯೇ ಇರಲಿಲ್ಲ. ಹೊಂಡದ ತುಂಬ ಜಿಲೇಬಿ ಮೀನಿನ ಸಂಸಾರ ಗಿಜಿಗುಟ್ಟುತ್ತಿತ್ತು.

ಅಷ್ಟರಲ್ಲಿ ಅವಳ ತಮ್ಮ ನಾಗರಾಜ ಒಂದು ಬಕೆಟ್ ಹಿಡಿದು ಬಂದ. ಒಳಗೆ ಬಾಳೆ ಮೀನಿನ ಮರಿಗಳು, ಕಣ್ಣಿನ ಹಿಂದಕ್ಕೂ ಸೀಳಿದ ಬಾಯಿಯವು.

"ಬ್ಯಾಡ ಕಣೋ, ಕೊರವನ್ನೇ ತಿಂದ್ಬುಟ್ಟಾವು" ಎಂದಳು ಮಂಜುಳಾ.

"ಜಿಲೇಬಿ ಅಷ್ಟೊಂದದೆ ಕಣಕ್ಕ! ಅದ ಬುಟ್ಟು ಇದ್ನ್ಯಾಕೆ ತಿಂದವು?"

ಇಬ್ಬರೂ ನನ್ನ ಮುಖ ನೋಡಿದರು. ನಾನು ಹೊಂಡದ ಕಡೆ ನೋಡಿದೆ. ನೀರು ಶಾಂತವಾಗಿತ್ತು. "ಹಂಚ್ಕೊಂಡು ತಿನ್ಲಿ ಬುಡು" ಎಂದೆ.

ತಿಂಗಳುಗಳು ಕಳೆದವು. ಕೊನೆಗೂ ಆಪರೇಷನ್ ಆಗಿ ಮಾವನವರು ನಮ್ಮ ಮನೆಯ ಹಾಲಿನಲ್ಲಿ ಮಲಗಿದರು. ನಾನೂ ನಾಗರಾಜನೂ ಬಲೆ ಎಳೆದೆವು. ಅಷ್ಟೊಂದಿದ್ದ ಜಿಲೇಬಿಯಲ್ಲಿ ಒಂದೂ ಸಿಗಲಿಲ್ಲ! ಬಾಳೆಗಳು ಮಾತ್ರ ತೋಳುದ್ದ ಬೆಳೆದು ಬಲೆಯನ್ನೇ ಹರಿಯುವಂತೆ ಒದೆಯುತ್ತಿದ್ದವು. ಅವುಗಳ ಅಡಿಯಲ್ಲಿ ಎರಡೇ ಎರಡು ಕೊರವಗಳು. ತಲೆ ಮುಷ್ಟಿಯಷ್ಟು, ಮೈ ಹೆಬ್ಬೆರಳಿನಷ್ಟು. ಉಪವಾಸ ಬಿದ್ದ ಮೀನನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಇದೇನ್ರೀ ಇದು, ಮೀನಾ ಸೌಟಾ?" ಎಂದಳು ಮಂಜುಳಾ. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಮಿಕ್ಕವೆಲ್ಲ ಎಲ್ಲಿ?"

ಉತ್ತರ ಅಡುಗೆಮನೆಯಲ್ಲಿ ಸಿಕ್ಕಿತು. ದೊಡ್ಡ ಬಾಳೆಯ ಹೊಟ್ಟೆ ಸೀಳಿದಾಗ ಒಂದು ಕೊರವ ಇಡಿಯಾಗಿ ಜಾರಿ ಮಣೆಯ ಮೇಲೆ ಬಿತ್ತು. ಅದರ ಬಾಯಿಯಿಂದ ಒಂದು ಪುಟ್ಟ ಜಿಲೇಬಿಯ, ಬಹುಶಃ ಹೊಂಡದ ಕೊನೆಯ ಜಿಲೇಬಿಯ, ಬಾಲ ಹೊರಗೆ ಇಣುಕುತ್ತಿತ್ತು! ನಾನು ಅಲ್ಲೇ ನೆಲದ ಮೇಲೆ ಕುಳಿತೆ.

"ಉಣ್ತಿದ್ದಂಗೇ ನುಂಗ್ಬುಟ್ಟದಲ್ಲ ಭಾವ!" ಎಂದ ನಾಗರಾಜ.

ಆ ಎರಡು ಸೌಟುಗಳಿಂದಲೇ ಮಂಜುಳಾ ಅಪ್ಪನಿಗೆ ಒಂದು ಬಟ್ಟಲು ಸಾರು ಮಾಡಿದಳು. ಬಾಳೆಯ ಸಾರು ನಮಗೆ. "ಅದನ್ನ ನಾನು ಮುಟ್ಟೋದಿಲ್ಲ, ಕಟುಕ ಮೀನು" ಎಂದು ನಾನು ಎಲ್ಲರೆದುರಿಗೆ ಘೋಷಿಸಿದೆ. ಆ ಆಘಾತ ಒಗ್ಗರಣೆಯ ವಾಸನೆ ಬರುವವರೆಗೆ ಚೆನ್ನಾಗಿಯೇ ಉಳಿದಿತ್ತು.

ನಾನು ಮುದ್ದೆ ಮುರಿದು ಎರಡನೆಯ ತುಂಡಿಗೆ ಕೈ ಹಾಕಿದಾಗ ಮಾವನವರು ತಮ್ಮ ಬಟ್ಟಲು ಬರಿದು ಮಾಡಿ, ದಿಂಬಿಗೊರಗಿ ನನ್ನ ತಟ್ಟೆಯನ್ನೇ ದಿಟ್ಟಿಸುತ್ತಿದ್ದರು.

"ಅಳಿಯಂದ್ರೆ, ನೀವು ಮುಟ್ಟಕಿಲ್ಲ ಅಂದ್ರಲ್ಲ. ಆ ತುಂಡ ಇತ್ತಗೆ ತನ್ನಿ."

ನನಗೆ ಕೇಳಿಸಲಿಲ್ಲ. ತಟ್ಟೆಯ ಸಮೇತ ಸ್ವಲ್ಪ ಗೋಡೆಯ ಕಡೆಗೆ ತಿರುಗಿ ಕುಳಿತೆ.